ಗೀಟು ಎಳೆದ ಅಂಕಿ

ನಮ್ಮವ್ವನಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ಯಾವ ಮೇಷ್ಟರೂ ಕಲಿಸಿದ್ದಲ್ಲ ಅದು. ಬಸ್ಸಿನ ನಂಬರು, ನ್ಯಾಯಬೆಲೆ ಅಂಗಡಿಯ ತಕ್ಕಡಿ, ದೊಡ್ಡಾಸ್ಪತ್ರೆಯ ಚೀಟಿ, ಕೂಲಿಯ ನೋಟು ಇವನ್ನೆಲ್ಲ ನೋಡಿ ನೋಡಿ, ತಪ್ಪಿದಾಗಲೆಲ್ಲ ಒಂದು ಹೊತ್ತಿನ ಗಂಜಿ ಕಳೆದುಕೊಂಡು ಕಲಿತದ್ದು. ನಮ್ಮ ಕೇರಿಯಲ್ಲಿ ಅವಳ ವಯಸ್ಸಿನ ಹೆಂಗಸರು ಬಹಳ ಮಂದಿ ಹೀಗೆಯೇ. ಹೆಸರು ಬರೆಯಬೇಕಾದ ಕಡೆ ಹೆಬ್ಬೆಟ್ಟು ಒತ್ತುತ್ತಾರೆ, ದುಡ್ಡಿನ ಲೆಕ್ಕದಲ್ಲಿ ಮಾತ್ರ ಯಾರಿಗೂ ಸೋಲುವುದಿಲ್ಲ. "ಅಕ್ಸರ ಓದ್ದೋರ ಕೈಲದೆ, ಎಂಗ್ ಬೇಕಾರೂ ತಿರುಗುಸ್ತಾರೆ. ಅಂಕಿ ಅಂಗಲ್ಲ ಕಣ್ ಮಗ, ಅದು ಸುಳ್ ಯೋಳಾಕಿಲ್ಲ" ಎನ್ನುವುದು ಅವಳು ಬದುಕಿನುದ್ದಕ್ಕೂ ನೆಚ್ಚಿಕೊಂಡ ಮಾತು.

ಹೋದ ಆಷಾಢದಲ್ಲಿ ಆ ನೆಚ್ಚಿಕೆಯನ್ನು ಕಿತ್ತುಕೊಂಡರು. ಹೇಗೆ ಕಿತ್ತುಕೊಂಡರು, ಯಾವ ಧೈರ್ಯದ ಮೇಲೆ ಕಿತ್ತುಕೊಂಡರು ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಅಕ್ಕನ ಮಗಳ ಮದುವೆ ಶ್ರಾವಣಕ್ಕೆ ಗೊತ್ತಾಗಿತ್ತು. ಆಷಾಢದಲ್ಲಿ ನಮ್ಮ ಕಡೆ ಮದುವೆ ಮಾಡುವುದಿಲ್ಲ, ಹೊಸದಾಗಿ ಮದುವೆಯಾದ ಹೆಣ್ಣು ತವರಿಗೆ ಹೋಗುವ ತಿಂಗಳದು. ಜವಳಿ ವ್ಯಾಪಾರ ನೆಲ ಕಚ್ಚುವ ಆ ತಿಂಗಳ ಮೇಲೆಯೇ ಅಂಗಡಿಗಳು ಆಷಾಢ ಸೇಲ್ ಕಟ್ಟಿಕೊಂಡಿವೆ. ಬೆಂಗಳೂರಿನ ಚಿಕ್ಕಪೇಟೆಯಿಂದ ನಮ್ಮ ತಾಲ್ಲೂಕಿನ ಬಸ್ ನಿಲ್ದಾಣದವರೆಗೆ ಫ್ಲೆಕ್ಸೋ ಫ್ಲೆಕ್ಸು. ನಮ್ಮೂರ ಹತ್ತಿರದ ಪಟ್ಟಣದ ಒಂದು ದೊಡ್ಡ ಬಟ್ಟೆ ಅಂಗಡಿಯ ಮುಂದೆ 60ರ ಅಂಕಿ ಆಳುದ್ದ ಇತ್ತು, ಪಕ್ಕದಲ್ಲಿ 'ವರೆಗೆ' ಎಂಬ ಪದ ಹೆಸರುಕಾಳಿನಷ್ಟು. ಅಕ್ಷರ ಬಾರದ ಅವ್ವನಿಗೆ ಕಂಡದ್ದು 60 ಒಂದೇ. ಅಕ್ಷರ ಬಲ್ಲವರಿಗೂ ಅಷ್ಟೇ ಕಾಣಲಿ ಎಂದೇ ಅದನ್ನು ಹಾಗೆ ಬರೆಸಿರುತ್ತಾರೆ.

ಅವಳ ಸಂಚಿಯಲ್ಲಿ 1,500 ರೂಪಾಯಿ ಇತ್ತು, ಕಬ್ಬಿನ ಗದ್ದೆಯಲ್ಲಿ ಕಳೆ ಕಿತ್ತು ಕೂಡಿಟ್ಟದ್ದು. ಮನಸ್ಸಿನಲ್ಲಿದ್ದದ್ದು 800ರ ಒಂದು ಸೀರೆ. ಅಂಗಡಿಯ ಹುಡುಗ ಹರವಿ ಹಾಕಿದ ಸೀರೆಯ ಚೀಟಿಯಲ್ಲಿ ಮೇಲೆ 3,495 ಎಂದಿತ್ತು. ಅದರ ಮೇಲೊಂದು ಗೀಟು. ಕೆಳಗೆ ಕೆಂಪು ಬಣ್ಣದಲ್ಲಿ 1,398. ಅವ್ವ ಎರಡೂ ಅಂಕಿಗಳ ಮೇಲೆ ಬೆರಳಿಟ್ಟು ಓದಿದಳು. ಮನೆಯಿಂದ ಹೊತ್ತು ತಂದಿದ್ದ 800 ಅಲ್ಲೇ ಎಲ್ಲೋ ಉದುರಿಹೋಯಿತು. "ಎರಡ್ ಸಾವ್ರ ಉಳೀತು" ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದಳು. ಅಂದುಕೊಂಡದ್ದಕ್ಕಿಂತ ಸುಮಾರು 600 ರೂಪಾಯಿ ಹೆಚ್ಚು ಕೊಟ್ಟು ಬಂದ ಹೆಂಗಸು 2,000 ಗಳಿಸಿದ ಖುಷಿಯಲ್ಲಿ ಊರು ತಲುಪಿದಳು.

ಭಾನುವಾರ ಅಕ್ಕ ಬಂದಳು. ಅಕ್ಕ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹದಿನೈದು ವರ್ಷದಿಂದ ಫಿನಿಷಿಂಗ್ ಸೆಕ್ಷನ್ನಿನಲ್ಲಿದ್ದಾಳೆ. ದಾರ ಕತ್ತರಿಸುವುದು, ಇಸ್ತ್ರಿಯಾದ ಪೀಸಿಗೆ ಟ್ಯಾಗು ಹೊಡೆಯುವುದು, ಸ್ಟಿಕ್ಕರ್ ಅಂಟಿಸುವುದು ಅವಳ ಕೆಲಸ. ಸೀರೆಯನ್ನು ಮುಟ್ಟುವುದಕ್ಕೆ ಮೊದಲೇ ಅವಳ ಕಣ್ಣು ಚೀಟಿಯ ಮೇಲೆ ಹೋಯಿತು. "ಇದು ದಪ್ಪ ಐತೆ ಕಣವ್ವ, ಅಡೀಲಿ ಇನ್ನೊಂದೈತೆ" ಎಂದಳು. ಉಗುರಿನ ತುದಿಯಿಂದ ನಿಧಾನಕ್ಕೆ ಎಬ್ಬಿಸಿದಳು. ಅಡಿಯಲ್ಲಿ ಬಣ್ಣಗೆಟ್ಟ ಹಳೆಯ ಸ್ಟಿಕ್ಕರ್. 1,250.

ಅವ್ವ ಅದನ್ನು ಓದಿದಳು. ಯಾರೂ ಓದಿ ಹೇಳಬೇಕಾಗಿರಲಿಲ್ಲ. ನೂರಕ್ಕೆ ಅರವತ್ತು ರಿಯಾಯಿತಿ ಪಡೆದು ಅವಳು 148 ರೂಪಾಯಿ ಜಾಸ್ತಿ ಕೊಟ್ಟಿದ್ದಳು. ಬಿಸಿಲಲ್ಲಿ ಸೊಂಟ ಬಗ್ಗಿಸಿ ಅರ್ಧ ದಿನ ಕಳೆ ಕಿತ್ತ ದುಡ್ಡು ಅದು. ಆದರೆ ಆ ಹೊತ್ತು ನನ್ನ ಹೊಟ್ಟೆ ಉರಿದದ್ದು ದುಡ್ಡಿಗಲ್ಲ. ಅವ್ವ ಬಲ್ಲ ಒಂದೇ ಒಂದು ಲಿಪಿಯಲ್ಲಿ ಅವಳಿಗೆ ಸುಳ್ಳು ಹೇಳಿದ್ದರು.

ಅಚ್ಚಾದ ಬೆಲೆ ನಮ್ಮಂಥವರಿಗೆ ಏನಾಗಿತ್ತು ಎಂಬುದು ಊರಿನ ಜಗಲಿ ಹತ್ತಿ ಕೂತು ಚೌಕಾಸಿ ಮಾಡಿದವರಿಗೆ ಅರ್ಥವಾಗುವುದು ಕಷ್ಟ. ಸಂತೆಯ ಚೌಕಾಸಿಯನ್ನು ನಮ್ಮ ಸಂಸ್ಕೃತಿ ಎಂದು ಕೊಂಡಾಡುವ ಬರಹಗಳನ್ನು ಓದಿದ್ದೇನೆ. ಆ ಚೌಕಾಸಿ ಯಾರ ಹಕ್ಕಾಗಿತ್ತು? ಅವ್ವ ಚಿಕ್ಕವಳಿದ್ದಾಗ ಊರ ಅಂಗಡಿಯ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ದುಡ್ಡನ್ನು ಜಗಲಿಯಂಚಿಗೆ ಇಟ್ಟು ಹಿಂದೆ ಸರಿದು ನಿಲ್ಲಬೇಕು, ಸಾಮಾನು ಮೇಲಿನಿಂದ ಸೆರಗಿಗೆ ಬೀಳಬೇಕು. ಎಷ್ಟು ಎಂದು ಕೇಳಿದರೆ ಸೊಕ್ಕು, ಚಿಲ್ಲರೆ ಎಣಿಸಿದರೆ ಇನ್ನೂ ಸೊಕ್ಕು. ಅಂಗಡಿಯವನ ಬಾಯಿಂದ ಬಂದದ್ದೇ ಬೆಲೆ. ಅದೇ ಬೆಲ್ಲ, ಅದೇ ಸೀಮೆಎಣ್ಣೆಗೆ ಊರೊಳಗಿನವರಿಗೊಂದು ರೇಟು, ಕೇರಿಯವರಿಗೊಂದು ರೇಟು. ಮುಂದೆ ಪೊಟ್ಟಣಗಳು ಬಂದವು, ಪೊಟ್ಟಣದ ಮೇಲೆ ಬೆಲೆ ಬಂತು. ಮೊದಮೊದಲು 'ಸ್ಥಳೀಯ ತೆರಿಗೆ ಪ್ರತ್ಯೇಕ' ಎಂಬ ಬಾಲ ಅದಕ್ಕಿತ್ತು, ಆ ಬಾಲ ಹಿಡಿದು ಅಂಗಡಿಯವನು ಎಷ್ಟು ಬೇಕಾದರೂ ಎಳೆಯಬಹುದಿತ್ತು. ಪೊಟ್ಟಣ ಸರಕುಗಳ ನಿಯಮಕ್ಕೆ ಬಂದ 1990ರ ತಿದ್ದುಪಡಿ ಅದನ್ನು ಕತ್ತರಿಸಿ, ಎಲ್ಲ ತೆರಿಗೆ ಸೇರಿ ಗರಿಷ್ಠ ಮಾರಾಟ ಬೆಲೆ, ಅಂದರೆ ಎಂಆರ್‌ಪಿ, ಅಚ್ಚು ಹಾಕಿಸಬೇಕು ಎಂದಿತು. ನಮ್ಮವ್ವನ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ. ಸೋಪಿನ ಪೊಟ್ಟಣ ತಿರುಗಿಸಿ ಅಂಕಿಯ ಮೇಲೆ ಬೆರಳಿಟ್ಟು "ಇಷ್ಟೇ ಅಲ್ವಾ?" ಎಂದು ಕೇಳಬಲ್ಲವಳಾದಳು. ಊರೊಳಗಿನವರಿಗೂ ಕೇರಿಯವರಿಗೂ ಒಂದೇ ಅಂಕಿ. ಆ ಪ್ರಶ್ನೆ ಕೇಳುವಾಗ ಅವಳು ತಲೆ ಎತ್ತುತ್ತಿದ್ದುದನ್ನು ನಾನು ಕಂಡಿದ್ದೇನೆ.

ಅದೇ ಅಚ್ಚಿನ ಅಂಕಿಯನ್ನು ಈಗ ಗಾಳದ ಹುಳು ಮಾಡಿದ್ದಾರೆ.

ಎಂಆರ್‌ಪಿಯನ್ನು ಸರ್ಕಾರ ನಿಗದಿ ಮಾಡುತ್ತದೆ ಎಂದು ನಂಬಿದವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಕೆಲವು ಔಷಧಗಳಂಥ ಬೆರಳೆಣಿಕೆಯ ಸರಕು ಬಿಟ್ಟರೆ ಅದು ಸುಳ್ಳು. ಆ ಅಂಕಿಯನ್ನು ಬರೆಯುವವನು ತಯಾರಕನೇ. ಅದಕ್ಕಿಂತ ಹೆಚ್ಚಿಗೆ ಮಾರಕೂಡದು ಎನ್ನುತ್ತದೆ ಕಾನೂನು, ಎಷ್ಟು ಎತ್ತರಕ್ಕೆ ಬರೆಯಬಹುದು ಎಂಬುದಕ್ಕೆ ಮಿತಿ ಹಾಕುವುದಿಲ್ಲ. 500ಕ್ಕೆ ಮಾರಬೇಕೆಂದಿರುವ ಅಂಗಿಗೆ 2,000 ಎಂದು ಅಚ್ಚು ಹಾಕಿಸಿ, ಗೀಟು ಎಳೆದು, ನೂರಕ್ಕೆ 75 ಕಡಿತ ಎಂದು ಕೂಗಬಹುದು. ಕೊಳ್ಳುವವರನ್ನು ಕಾಯಲು ಕಟ್ಟಿದ ಬೇಲಿಯನ್ನೇ ಏಣಿ ಮಾಡಿಕೊಂಡು ಒಳಗೆ ಇಳಿದಿದ್ದಾರೆ.

ಇದರಲ್ಲಿ ಅತಿ ಕ್ರೂರವಾದದ್ದು ಬಟ್ಟೆಯಲ್ಲಿಲ್ಲ, ಔಷಧದಲ್ಲಿದೆ. 2017ರ ಫೆಬ್ರವರಿ 13ರಂದು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಹೃದಯದ ಸ್ಟೆಂಟ್‌ಗಳಿಗೆ ಬೆಲೆ ಕಟ್ಟಿತು. ಅಲ್ಲಿಯವರೆಗೆ ಔಷಧ ಲೇಪಿತ ಸ್ಟೆಂಟ್ ಒಂದರ ಮೇಲೆ ಅಚ್ಚಾಗುತ್ತಿದ್ದ ಸರಾಸರಿ ಎಂಆರ್‌ಪಿ ಸುಮಾರು 1.21 ಲಕ್ಷ ರೂಪಾಯಿ. ಕಟ್ಟಿದ ಬೆಲೆ 29,600. ಸಾದಾ ಲೋಹದ್ದು ಸುಮಾರು 45 ಸಾವಿರದಿಂದ 7,260ಕ್ಕೆ ಬಂತು. ಕಾರ್ಖಾನೆ ಬಿಟ್ಟ ಸ್ಟೆಂಟ್ ರೋಗಿಯ ಎದೆ ಸೇರುವಷ್ಟರಲ್ಲಿ ನಡುವಿನ ಕೈಗಳು ಇಟ್ಟುಕೊಳ್ಳುತ್ತಿದ್ದ ಲಾಭ ಕೆಲವು ಕಡೆ 654 ಪರ್ಸೆಂಟ್ ಮುಟ್ಟಿದ್ದನ್ನು ಪ್ರಾಧಿಕಾರವೇ ಲೆಕ್ಕ ಹಾಕಿ ತೋರಿಸಿತ್ತು. ಒಂದು ರಾತ್ರಿ ಕಳೆಯುವುದರೊಳಗೆ ಮುಕ್ಕಾಲು ಪಾಲು ಕುಸಿಯುವ ಅಂಕಿ ಮೊದಲ ದಿನವೇ ಎಷ್ಟು ನಿಜವಾಗಿತ್ತು? ಆ 1.21 ಲಕ್ಷದ ಮೇಲೆ ಹತ್ತು ಸಾವಿರ ಬಿಟ್ಟುಕೊಟ್ಟರೆ ಡಾಕ್ಟರು ದೇವರ ಹಾಗೆ ಕಾಣುವುದಿಲ್ಲವೇ? ಜಮೀನು ಅಡವಿಟ್ಟು ಬಂದ ರೈತ ಕೈಮುಗಿಯುವುದಿಲ್ಲವೇ?

ಮಾರನೆಯ ವರ್ಷ ಅದೇ ಪ್ರಾಧಿಕಾರ ದೆಹಲಿ ಸುತ್ತಮುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ತೆಗೆದು ನೋಡಿತು. ಔಷಧ, ಸಿರಿಂಜು, ಕೈಗವಸುಗಳಂಥ ಸರಕಿನ ಮೇಲೆ 1,737 ಪರ್ಸೆಂಟ್‌ವರೆಗೆ ಲಾಭ ಕಂಡಿತು. ಅದಕ್ಕಿಂತ ದೊಡ್ಡ ಸಂಗತಿ ಅದು ಬರೆದ ಕಾರಣದಲ್ಲಿದೆ: ಹೆಚ್ಚು ಎಂಆರ್‌ಪಿ ಇರುವ ಸರಕೇ ಆಸ್ಪತ್ರೆಗೆ ಬೇಕು, ಆದ್ದರಿಂದ ತಯಾರಕರು ಹೆಚ್ಚಿಸಿಯೇ ಅಚ್ಚು ಹಾಕಿ ಕೊಡುತ್ತಾರೆ. ಅಂದರೆ ಬೆಲೆಯ ಅಂಕಿಯೇ ಅಲ್ಲಿ ಮಾರಾಟವಾಗುವ ಸರಕು. ಆಸ್ಪತ್ರೆ ಎದುರಿನ ಔಷಧ ಅಂಗಡಿಯ ಮೇಲೆ 'ಎಂಆರ್‌ಪಿ ಮೇಲೆ 20 ಪರ್ಸೆಂಟ್ ರಿಯಾಯಿತಿ' ಎಂಬ ಬೋರ್ಡು ಕಂಡಾಗ ನನಗೆ ಈ ವರದಿ ನೆನಪಾಗುತ್ತದೆ. 2019ರ ಫೆಬ್ರವರಿಯಲ್ಲಿ ಕ್ಯಾನ್ಸರಿನ 42 ಔಷಧಗಳ ವ್ಯಾಪಾರದ ಲಾಭವನ್ನು 30 ಪರ್ಸೆಂಟ್‌ಗೆ ಕಟ್ಟಿಹಾಕಿದರು. ಅದಕ್ಕಿಂತ ಮೊದಲು ಸತ್ತವರು, ಔಷಧ ನಡುವೆ ನಿಲ್ಲಿಸಿದವರು ಕೊಟ್ಟ ದುಡ್ಡಿನ ಲೆಕ್ಕವನ್ನು ಯಾರೂ ವಾಪಸು ಕೊಡಲಿಲ್ಲ.

ಇಷ್ಟು ಹೇಳಿದರೆ ವ್ಯಾಪಾರದ ಪರವಾಗಿ ಮಾತಾಡುವವರು ಒಂದು ಮಾತು ತೆಗೆಯುತ್ತಾರೆ. ಕೊಳ್ಳುವವಳಿಗೆ ಬುದ್ಧಿಯಿಲ್ಲವೇ, ಸೀರೆ ಮುಟ್ಟಿ ನೋಡಿ ಬೆಲೆ ಅಂದಾಜು ಮಾಡಲು ಬರುವುದಿಲ್ಲವೇ ಎಂದು. ನಮ್ಮವ್ವನ ಬುದ್ಧಿಯ ಬಗ್ಗೆ ಆ ಮಾತು ಆಡುವವರಿಗೆ 1974ರ ಒಂದು ಪ್ರಯೋಗ ತೋರಿಸುತ್ತೇನೆ. ಅಮೋಸ್ ಟ್ವೆರ್ಸ್ಕಿ, ಡೇನಿಯಲ್ ಕಾನೆಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಜಾತ್ರೆಯಲ್ಲಿರುವಂಥ ಒಂದು ಅದೃಷ್ಟದ ಚಕ್ರ ಇಟ್ಟರು. ಅದು 10ಕ್ಕೆ ಅಥವಾ 65ಕ್ಕೆ ಮಾತ್ರ ನಿಲ್ಲುವಂತೆ ಗುಟ್ಟಾಗಿ ಮಾಡಿದ್ದರು. ಚಕ್ರ ತಿರುಗಿಸಿದ ಮೇಲೆ ಕೇಳಿದ ಪ್ರಶ್ನೆಗೂ ಚಕ್ರಕ್ಕೂ ಯಾವ ನಂಟೂ ಇರಲಿಲ್ಲ: ವಿಶ್ವಸಂಸ್ಥೆಯ ದೇಶಗಳಲ್ಲಿ ಆಫ್ರಿಕಾದವು ನೂರಕ್ಕೆ ಎಷ್ಟು? 10 ಕಂಡ ಗುಂಪಿನ ನಡುವಣ ಅಂದಾಜು 25, 65 ಕಂಡ ಗುಂಪಿನದು 45. ಕಣ್ಣಿಗೆ ಮೊದಲು ಬಿದ್ದ ಅಂಕಿ ಗೂಟವಾಗುತ್ತದೆ, ಮನಸ್ಸು ಹಗ್ಗ ಕಟ್ಟಿದ ಕರುವಿನ ಹಾಗೆ ಅದರ ಸುತ್ತಲೇ ತಿರುಗುತ್ತದೆ. ಪ್ರಯೋಗಕ್ಕೆ ಕೂತವರ ತಲೆಗೇ ಹೀಗಾದರೆ, ದಿನವಿಡೀ ದುಡಿದು ಸಂಜೆ ಬಸ್ಸು ತಪ್ಪುವ ಗಡಿಬಿಡಿಯಲ್ಲಿ ಸೀರೆ ಆರಿಸುವ ಹೆಂಗಸನ್ನು ದಡ್ಡಿ ಎನ್ನುವುದು ಯಾವ ನ್ಯಾಯ? 3,495 ಎಂಬುದು ಅವಳಿಗಾಗಿ ನೆಟ್ಟ ಗೂಟ. ನೆಟ್ಟವನಿಗೆ ಅದರ ಬಲ ಗೊತ್ತಿದೆ. ಅಂಥ ಅಂಕಿಗಳನ್ನು ಎಲ್ಲಿ ಎಷ್ಟು ದಪ್ಪಕ್ಕೆ ಬರೆಯಬೇಕು ಎಂದು ಲೆಕ್ಕ ಹಾಕಲು ಸಂಬಳದ ಜನ ಇದ್ದಾರೆ.

ಬಡವರನ್ನು ಈ ಗೂಟ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ದುಡ್ಡಿರುವವನು ರಿಯಾಯಿತಿ ತಪ್ಪಿದರೆ ನಾಳೆ ಬರುತ್ತಾನೆ. 1,500 ರೂಪಾಯಿ ಕೂಡಿಸಲು ಮೂರು ತಿಂಗಳು ತೆಗೆದುಕೊಂಡವಳಿಗೆ 'ಇಂದೇ ಕೊನೆ' ಎಂಬ ಬೋರ್ಡು ಬೆದರಿಕೆಯಾಗಿ ಕಾಣುತ್ತದೆ. ಮೊಬೈಲಿನ ಅಂಗಡಿಗಳು ಇದನ್ನೇ ಗಡಿಯಾರ ಮಾಡಿ ಇಟ್ಟಿವೆ, ಸೆಕೆಂಡು ಸೆಕೆಂಡೂ ಇಳಿಯುವ ಗಡಿಯಾರ. ಇನ್ನೆರಡೇ ಉಳಿದಿವೆ, ಈಗ ನೂರು ಜನ ನೋಡುತ್ತಿದ್ದಾರೆ. ನನ್ನ ತಮ್ಮ ರಾತ್ರಿ ಹನ್ನೆರಡಕ್ಕೆ ಎದ್ದು ಕೂತು ಬೇಡದ ಶೂ ಕೊಂಡ. ಬೆಳಿಗ್ಗೆ ಅದೇ ಗಡಿಯಾರ ಮತ್ತೆ ಮೊದಲಿನಿಂದ ಓಡುತ್ತಿತ್ತು.

ಚಿನ್ನದ ಅಂಗಡಿಯಲ್ಲೂ ಇದೇ. ಅಕ್ಕನ ಮಗಳ ತಾಳಿಗೆ ಹೋದಾಗ ನೋಡಿದೆ. ಚಿನ್ನದ ರೇಟು ದಿನಾ ಪೇಪರಿನಲ್ಲಿ ಬರುತ್ತದೆ, ಅದರಲ್ಲಿ ಆಟವಾಡಲು ಆಗುವುದಿಲ್ಲ. ಆದ್ದರಿಂದ ರಿಯಾಯಿತಿ ಹೋಗಿ ಕೂತಿರುವುದು ಎಲ್ಲಿಯೂ ಅಚ್ಚಾಗದ ಮೇಕಿಂಗ್ ಚಾರ್ಜು, ವೇಸ್ಟೇಜಿನ ಮೇಲೆ. ಅರ್ಧ ಬಿಟ್ಟಿದ್ದೇವೆ ಎನ್ನುತ್ತಾರೆ. ಪೂರ್ತಿ ಎಷ್ಟಿತ್ತು ಎಂದು ಕೇಳಿದರೆ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸುತ್ತಾರೆ.

ಅಕ್ಕ ಆವತ್ತು ಹೇಳಿದ ಒಂದು ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಅವಳ ಕಾರ್ಖಾನೆಯಿಂದ ಹೊರದೇಶಕ್ಕೆ ಹೋಗುವ ಕೆಲವು ಲಾಟುಗಳ ಟ್ಯಾಗಿನಲ್ಲಿ ಎರಡು ಬೆಲೆ ಮೊದಲೇ ಅಚ್ಚಾಗಿ ಬಂದಿರುತ್ತವಂತೆ. ಒಂದು 'ಇದರ ಬೆಲೆ ಇಷ್ಟು' ಎಂದು, ಇನ್ನೊಂದು 'ನಿಮಗೆ ಇಷ್ಟಕ್ಕೆ' ಎಂದು. ಅಕ್ಕ ಟ್ಯಾಗ್ ಗನ್ನಿನಲ್ಲಿ ಅದನ್ನು ಅಂಗಿಯ ಕಂಕುಳಿಗೆ ಹೊಡೆಯುತ್ತಾಳೆ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ತಲೆಯ ಮೇಲೆ. ಅಂಗಿ ಇನ್ನೂ ಹಡಗು ಹತ್ತಿಲ್ಲ, ಅದನ್ನು ನೇತುಹಾಕುವ ಅಂಗಡಿಯ ದೀಪ ಹೊತ್ತಿಲ್ಲ, ಕೊಳ್ಳುವವನು ಅದನ್ನು ಕಂಡಿಲ್ಲ. ಆಗಲೇ ಅದರ ಬೆಲೆ ಇಳಿದಾಗಿದೆ! ದೊಡ್ಡ ಬೆಲೆಗೆ ಆ ಅಂಗಿ ಒಂದು ದಿನವೂ, ಒಂದು ಗಳಿಗೆಯೂ ಮಾರಾಟಕ್ಕಿರಲಿಲ್ಲ. ಅಕ್ಕನಿಗೆ ಇದು ಹದಿನೈದು ವರ್ಷದಿಂದ ಗೊತ್ತು. ಅವಳನ್ನು ಯಾರೂ ಕೇಳಿರಲಿಲ್ಲ.

ನಿಜವಾದ ರಿಯಾಯಿತಿ ಯಾರ ಕಿಸೆಯಿಂದ ಹೋಗುತ್ತದೆ ಎಂಬುದೂ ಅವಳಿಗೆ ಗೊತ್ತು. 2020ರ ಏಪ್ರಿಲ್‌ನಲ್ಲಿ ಕರ್ನಾಟಕದ ಗಾರ್ಮೆಂಟ್ಸ್ ಕೆಲಸಗಾರರಿಗೆ ಸಿಗಬೇಕಾಗಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ. ಸರ್ಕಾರ ಅದನ್ನು ಮುಂದೂಡುವ ಆದೇಶ ಹೊರಡಿಸಿತು. ಹೈಕೋರ್ಟ್ ಆ ಮುಂದೂಡಿಕೆಯನ್ನು ಒಪ್ಪಲಿಲ್ಲ. ಆದರೂ ಎಷ್ಟೋ ಕಾರ್ಖಾನೆಗಳು ತಿಂಗಳುಗಟ್ಟಲೆ ಕೊಡದೆ ಕೂತವು. ಅದೇ ಹೊತ್ತಿನಲ್ಲಿ ಈ ಹೆಂಗಸರು ಹೊಲಿದ ಬಟ್ಟೆ ದೂರದ ಊರುಗಳ ಅಂಗಡಿಗಳಲ್ಲಿ ಅರ್ಧ ಬೆಲೆಯ ಬೋರ್ಡಿನ ಕೆಳಗೆ ತೂಗುತ್ತಿತ್ತು. ಕೂಲಿಯಿಂದ ಕಡಿದ 417 ರೂಪಾಯಿ ಬೋರ್ಡಿನ ಮೇಲೆ ಎಲ್ಲೂ ಕಾಣುವುದಿಲ್ಲ. ಸೇಲ್ ಬಂದಾಗ ಅಂಗಡಿ ಖರೀದಿದಾರನನ್ನು ಹಿಂಡುತ್ತದೆ, ಖರೀದಿದಾರ ಕಾರ್ಖಾನೆಯನ್ನು, ಕಾರ್ಖಾನೆ ಬ್ಯಾಚಿನಲ್ಲಿ ಕೂತ ಹೆಣ್ಣುಮಗಳನ್ನು. ಇಳಕಲ್ಲಿನ ನೇಕಾರನ ಮಗ್ಗದ ಮಜೂರಿಗೂ ಇದೇ ಗತಿ.

ಕಾನೂನು ಇಲ್ಲವೇ ಎಂದರೆ, ಇದೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಅದರಡಿ ಕೇಂದ್ರ ಪ್ರಾಧಿಕಾರವೊಂದಿದೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಬಲ್ಲದು. ಮೊಬೈಲಿನ ಸುಳ್ಳು ಗಡಿಯಾರದಂಥ 13 ಬಗೆಯ ಕುತಂತ್ರಗಳನ್ನು ಹೆಸರಿಸಿ ನಿಷೇಧಿಸಿದ ಮಾರ್ಗಸೂಚಿ 2023ರ ನವೆಂಬರ್ 30ರಂದು ಬಂದಿದೆ. ಪೊಟ್ಟಣ ಸರಕುಗಳ 2011ರ ನಿಯಮ ಸ್ಟಿಕ್ಕರ್ ಬಗ್ಗೆ ಸ್ಪಷ್ಟವಾಗಿ ಹೇಳುತ್ತದೆ: ಬೆಲೆ ಇಳಿಸಿದ್ದರೆ ಮಾತ್ರ ಹೊಸದನ್ನು ಅಂಟಿಸಬಹುದು, ಹಳೆಯದನ್ನು ಮುಚ್ಚಕೂಡದು. ಹಾಗಿದ್ದರೂ ಸುಳ್ಳು ಸೇಲ್ ಮಾತ್ರ ಬೀದಿಬೀದಿಯಲ್ಲಿ ರಾಜಾರೋಷವಾಗಿ ನಡೆಯುತ್ತದೆ, ಏಕೆಂದರೆ ಕಾಯ್ದೆಯ ನಟ್ಟನಡುವೆ ಒಂದು ತೂತಿದೆ. 'ಸಾಮಾನ್ಯ ಬೆಲೆ'ಗಿಂತ ಅಗ್ಗ ಎಂದು ಸುಳ್ಳು ಹೇಳಕೂಡದು ಎನ್ನುತ್ತದೆ ಅದು. ಯಾವುದು ಸಾಮಾನ್ಯ ಬೆಲೆ? ಎಷ್ಟು ದಿನ, ಯಾವ ಅಂಗಡಿಯಲ್ಲಿ, ಎಷ್ಟು ಜನಕ್ಕೆ ಆ ಬೆಲೆಗೆ ಮಾರಿರಬೇಕು? ಅಲ್ಲಿ ಅಳತೆಗೋಲಿಲ್ಲ. ಅಳತೆಯೇ ಇಲ್ಲದ ಕಡೆ ಸುಳ್ಳನ್ನು ಹಿಡಿಯುವುದು ಹೇಗೆ?

ಯುರೋಪಿನವರು ಆ ಅಳತೆ ಇಟ್ಟುಕೊಂಡರು. 2022ರ ಮೇ 28ರಿಂದ ಅಲ್ಲಿ ಕಡಿತ ಎಂದು ಬರೆಯಬೇಕಾದರೆ ಹಿಂದಿನ 30 ದಿನಗಳಲ್ಲಿ ತಾನು ಮಾರಿದ ಅತಿ ಕಡಿಮೆ ಬೆಲೆಯನ್ನು ಅಂಗಡಿ ತೋರಿಸಬೇಕು. ಜರ್ಮನಿಯ ಒಂದು ದೊಡ್ಡ ದಿನಸಿ ಮಳಿಗೆ ಆ ಬೆಲೆಯನ್ನು ಮೂಲೆಯಲ್ಲಿ ಬರೆದು, ಪರ್ಸೆಂಟ್ ಲೆಕ್ಕವನ್ನು ಮಾತ್ರ ನಿನ್ನೆಯ ಏರಿಸಿದ ಬೆಲೆಯ ಮೇಲೆ ಹಾಕಿ ಬಾಳೆಹಣ್ಣು, ಅನಾನಸ್ ಮಾರಿತು. 2024ರ ಸೆಪ್ಟೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಆ ದಾರಿಯನ್ನೂ ಮುಚ್ಚಿತು. ಪರ್ಸೆಂಟ್ ಲೆಕ್ಕವೂ 30 ದಿನಗಳ ಅತಿ ಕಡಿಮೆ ಬೆಲೆಯ ಮೇಲೆಯೇ ಆಗಬೇಕು ಎಂದಿತು. ಅದೇ ತಿಂಗಳು ಆಸ್ಟ್ರೇಲಿಯಾದ ಗ್ರಾಹಕ ಆಯೋಗ ಅಲ್ಲಿನ ಎರಡು ದೈತ್ಯ ಸೂಪರ್ ಮಾರ್ಕೆಟ್‌ಗಳ ಮೇಲೆ ಕೋರ್ಟಿಗೆ ಹೋಯಿತು. ಅದರ ಆರೋಪಪಟ್ಟಿಯಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣವಿದೆ. 696 ದಿನ ಮೂರೂವರೆ ಡಾಲರಿಗೆ ಮಾರಿ, 22 ದಿನ 5 ಡಾಲರ್ ಮಾಡಿ, ಆಮೇಲೆ ನಾಲ್ಕೂವರೆಗೆ ತಂದು ಬೆಲೆ ಇಳಿದಿದೆ ಎಂದು ಬರೆದರು ಎಂಬುದು ಆರೋಪ. ಓದುವಾಗ ಅಕ್ಕನ ಉಗುರು ಕಣ್ಣ ಮುಂದೆ ಬಂತು. ಅಲ್ಲಿ ಒಂದು ಆಯೋಗ ಕೂತು ದಿನ ಎಣಿಸಿ ಸ್ಟಿಕ್ಕರ್ ಎಬ್ಬಿಸಿ ನೋಡುತ್ತಿದೆ. ಇಲ್ಲಿ ಆ ಕೆಲಸವನ್ನು ಭಾನುವಾರದ ರಜೆಯಲ್ಲಿ ನಮ್ಮಕ್ಕ ಮಾಡಬೇಕಾಗಿದೆ.

ಜನಕ್ಕೇ ರಿಯಾಯಿತಿ ಬೇಕು, ಸತ್ಯದ ಬೆಲೆ ಬರೆದರೆ ಯಾರೂ ಬರುವುದಿಲ್ಲ ಎನ್ನುವವರು ಅಮೆರಿಕದ ಜೆ.ಸಿ. ಪೆನ್ನಿಯ ಕತೆ ಹೇಳುತ್ತಾರೆ. ಅದು ನಿಜವೇ. 2011ರ ಒಂದೇ ವರ್ಷದಲ್ಲಿ 590 ಸೇಲ್ ನಡೆಸಿದ್ದ ಅಂಗಡಿಜಾಲ ಅದು. ಅದರ ಆದಾಯದಲ್ಲಿ 72 ಪರ್ಸೆಂಟ್ ಅರ್ಧ ಬೆಲೆಗೆ ಅಥವಾ ಅದಕ್ಕೂ ಕೆಳಗೆ ಮಾರಿದ ಸರಕಿನಿಂದ ಬರುತ್ತಿತ್ತು. ಹೊಸ ಮುಖ್ಯಸ್ಥ ರಾನ್ ಜಾನ್ಸನ್ 2012ರಲ್ಲಿ ಸೇಲ್ ನಿಲ್ಲಿಸಿ ದಿನವೂ ಒಂದೇ ಬೆಲೆ ಇಟ್ಟರು. ಆ ವರ್ಷ ಮಾರಾಟ ಕಾಲು ಭಾಗ ಕುಸಿಯಿತು, 2013ರ ಏಪ್ರಿಲ್‌ನಲ್ಲಿ ಅವರನ್ನು ಕಳಿಸಿದರು, ಗೀಟು ಎಳೆದ ಅಂಕಿಗಳು ವಾಪಸು ಬಂದವು. ಇದರಿಂದ ಏನು ಸಾಬೀತಾಯಿತು? ಪಕ್ಕದ ಅಂಗಡಿಗಳೆಲ್ಲ ಸುಳ್ಳು ಅಂಕಿ ಬರೆಯುತ್ತಿರುವಾಗ ಒಬ್ಬನೇ ನಿಜ ಬರೆದರೆ ಅವನು ಮುಳುಗುತ್ತಾನೆ ಎಂಬುದು. ನಮ್ಮೂರಿನ ಸಣ್ಣ ಬಟ್ಟೆ ಅಂಗಡಿಯವನಿಗೂ ಆಗುತ್ತಿರುವುದು ಅದೇ. ಅವನ ಅಂಗಡಿಯಲ್ಲಿ ಅದೇ ಸೀರೆಗೆ 1,100 ಎಂದು ನೇರವಾಗಿ ಬರೆದಿದ್ದರೂ ಅವ್ವ ಅಲ್ಲಿಗೆ ಹೋಗುತ್ತಿರಲಿಲ್ಲ, ಅಲ್ಲಿ ಗೀಟು ಇಲ್ಲವಲ್ಲ. ಒಬ್ಬ ಒಳ್ಳೆಯ ಅಂಗಡಿಯವನ ಮೇಲೆ ಈ ಭಾರ ಹೊರಿಸುವುದು ಅನ್ಯಾಯ. ಎಲ್ಲರಿಗೂ ಒಂದೇ ಅಳತೆಗೋಲು ಹಾಕುವುದು ಸರ್ಕಾರದ ಕೆಲಸ.

ಅದಕ್ಕೆ ಬೇಕಾದದ್ದು ದೊಡ್ಡ ಗ್ರಂಥವೇನಲ್ಲ. ಗೀಟು ಎಳೆದ ಬೆಲೆಯ ಪಕ್ಕದಲ್ಲಿ, ಅಷ್ಟೇ ದಪ್ಪದ ಅಂಕಿಯಲ್ಲಿ, ಕಳೆದ ಒಂದು ತಿಂಗಳಲ್ಲಿ ಇದೇ ಅಂಗಡಿ ಇದನ್ನು ಮಾರಿದ ಅತಿ ಕಡಿಮೆ ಬೆಲೆ ಬರೆಯಲಿ. ಬಿಲ್ಲುಗಳೆಲ್ಲ ಅಂಗಡಿಯ ಕಂಪ್ಯೂಟರಿನಲ್ಲೇ ಇವೆ, ಯಾವ ದಿನ ಏನು ಎಷ್ಟಕ್ಕೆ ಹೋಯಿತು ಎಂಬುದು ಅಂಗಡಿಯವನಿಗೆ ಗೊತ್ತಿಲ್ಲ ಎನ್ನುವಂತಿಲ್ಲ. ತೋರಿಸಲಾಗದಿದ್ದರೆ ಗೀಟು ಎಳೆಯದಿರಲಿ.

ಈ ಅಳತೆಗೋಲನ್ನು ಸುಲಭಕ್ಕೆ ಕೊಡುತ್ತಾರೆಂದು ನಾನು ನಂಬುವುದಿಲ್ಲ. ಆದರೆ 2016ರ ಏಪ್ರಿಲ್ ನನಗೆ ನೆನಪಿದೆ. ಪಿಎಫ್ ದುಡ್ಡು ತೆಗೆಯಲು ಕೇಂದ್ರ ಹೊಸ ಕಟ್ಟು ಹಾಕಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಮಿಷನ್ ಬಿಟ್ಟು ಎದ್ದರು. ಯಾವ ಪಕ್ಷದ ಬಾವುಟವೂ ಇಲ್ಲದೆ ಸಾವಿರ ಸಾವಿರ ಜನ ಹೊಸೂರು ರಸ್ತೆ ತುಂಬಿದರು. ಎರಡು ದಿನದಲ್ಲಿ ದೆಹಲಿ ಆ ಆದೇಶ ವಾಪಸು ತೆಗೆದುಕೊಂಡಿತು. ಅಕ್ಕ ಆ ಗುಂಪಿನಲ್ಲಿದ್ದಳು. ಅವ್ವನ ಸೀರೆಯ ಆ ಸ್ಟಿಕ್ಕರ್ ನೋಡಿ ಸುಮ್ಮನಿರಲು ಅವಳಿಂದ ಆಗಲಿಲ್ಲ.

ಮಾರನೆಯ ದಿನ ರಜೆ ಹಾಕಿ ಅವ್ವನನ್ನೂ ನನ್ನನ್ನೂ ಕರೆದುಕೊಂಡು ಅಂಗಡಿಗೆ ಹೋದಳು. ಸೀರೆ, ಬಿಲ್ಲು, ಎರಡು ಸ್ಟಿಕ್ಕರ್. ಕೌಂಟರಿನ ಹುಡುಗಿಗೆ ಏನೂ ಗೊತ್ತಿರಲಿಲ್ಲ, ಅವಳ ಮೇಲೆ ನಮಗೆ ಸಿಟ್ಟೂ ಇರಲಿಲ್ಲ. ಮ್ಯಾನೇಜರ್ ಬಂದ. "ಸೇಲ್ ಐಟಂ ವಾಪಸ್ ತಗೊಳ್ಳಲ್ಲಮ್ಮ, ಬಿಲ್ ಹಿಂದ್ಗಡೆ ಬರ್ದಿದೆ ನೋಡಿ" ಎಂದ. ಅಕ್ಕ ಅಡಿಯ ಸ್ಟಿಕ್ಕರ್ ತೋರಿಸಿದಳು. ಅದು ಹಳೇ ಸ್ಟಾಕು, ಕಂಪನಿಯಿಂದಲೇ ಬಂದ ರೇಟು ಎಂದೆಲ್ಲ ಹೇಳಿದ. ನಾನು ಕಾಯ್ದೆಯ ಮಾತು ತೆಗೆದೆ, ಅವನ ದನಿ ಏರಿತು.

ಅಲ್ಲಿಯವರೆಗೆ ಸುಮ್ಮನಿದ್ದ ಅವ್ವ ಮುಂದೆ ಬಂದಳು. ಬಿಲ್ಲಿನ ಮೇಲಲ್ಲ, ಗೀಟು ಎಳೆದ ಆ ಮೊದಲ ಅಂಕಿಯ ಮೇಲೆ ಬೆರಳಿಟ್ಟಳು. "ಸ್ವಾಮಿ, ಇಷ್ಟ್ ದುಡ್ಡಿಗೆ ಈ ಸೀರೆ ತಗಂಡೋಳು ಯಾರು? ಒಬ್ಬಳಾರೆ ಇರ್ಬೇಕಲ್ಲ. ಆವಮ್ಮನ ಎಸ್ರು ಯೋಳಿ, ನಾ ಸುಮ್ಕೆ ಒಂಟೋಯ್ತೀನಿ" ಎಂದಳು.

ಸೀರೆ ನೋಡುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಒಬ್ಬಾಕೆ ತನ್ನ ಕೈಯಲ್ಲಿದ್ದ ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದಳು. ಮ್ಯಾನೇಜರ್ ಉತ್ತರ ಕೊಡಲಿಲ್ಲ.

ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಬರೆದೆವು. ಸರಕಿನ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಬೇಕೆಂದಿಲ್ಲ. ಎರಡು ಸ್ಟಿಕ್ಕರ್‌ಗಳನ್ನೂ ಬಿಳಿ ಹಾಳೆಗೆ ಅಂಟಿಸಿ ಅಕ್ಕ ಜೋಡಿಸಿದಳು, ಅದು ಅವಳ ಕಸುಬು. ಪರಿಹಾರವಾಗಿ ಏನು ಕೇಳಬೇಕು ಎಂದು ನಾನು ಮಾನಸಿಕ ಯಾತನೆ, ಖರ್ಚುವೆಚ್ಚ ಎಂದೆಲ್ಲ ಪಟ್ಟಿ ಮಾಡುತ್ತಿದ್ದೆ. ಅವ್ವ ಬೇಡವೆಂದಳು. ಕೊನೆಯ ಪುಟದಲ್ಲಿ ಹೆಸರಿನ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದಳು. ಮೊತ್ತದ ಜಾಗ ಖಾಲಿ ಇತ್ತು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ನಾಲಿಗೆ ಕಚ್ಚಿ ಹಿಡಿದು, ಒಂದೊಂದೇ ಗೆರೆ ನಿಲ್ಲಿಸುತ್ತಾ ಅವಳೇ ಬರೆದಳು: 148.